ಹೊಸ ಕ್ಯಾಥೋಡ್ ಹುಡುಕುವ ಮೊದಲು, ಇರುವ ಪುಡಿಯನ್ನು ಮಳೆಗಾಲ ದಾಟಿಸಿ

ಪ್ರಶ್ನೆ: ನಮಸ್ತೆ ಮೇಡಂ. ನಾನು ಕುಂದಾಪುರದವಳು, ಮಂಗಳೂರಿನಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಲಿಥಿಯಂ-ಅಯಾನ್ ಬ್ಯಾಟರಿಯ ಕ್ಯಾಥೋಡ್ ವಿಷಯ ತಗೊಳ್ಳಿ ಎಂದು ಗೈಡ್ ಹೇಳಿದ್ದಾರೆ. ಪೇಪರಿನಲ್ಲಿ ಆಗಾಗ ಹೊಸ ಬ್ಯಾಟರಿಯ ಸುದ್ದಿ ಬರುತ್ತದೆ. ಆದರೆ ಅಣ್ಣನ ಸ್ಕೂಟರ್ ಮಾತ್ರ ಓಡುವಷ್ಟೇ ಓಡುತ್ತದೆ. ಒಳ್ಳೆಯ ಕ್ಯಾಥೋಡ್ ಮಾಡುವುದು ಅಷ್ಟು ಕಷ್ಟವಾ? ನಮ್ಮ ಕಾಲೇಜಿನಲ್ಲಿ ಮಫಲ್ ಫರ್ನೇಸ್ ಇದೆ, ಎಫ್‌ಟಿಐಆರ್ ಇದೆ. ಗ್ಲೋವ್ ಬಾಕ್ಸ್ ಇಲ್ಲ. ಇಷ್ಟರಲ್ಲಿ ಉಪಯೋಗಕ್ಕೆ ಬರುವ ಕೆಲಸ ಏನಾದರೂ ಆದೀತಾ? ಇಲ್ಲ, ಸೋಡಿಯಂ ಬ್ಯಾಟರಿ ಕಡೆ ಹೋಗಲಾ?

ಉತ್ತರ: ಖಂಡಿತ ಆಗುತ್ತದೆ. ಫರ್ನೇಸ್, ಎಫ್‌ಟಿಐಆರ್ (ಅವಗೆಂಪು ಬೆಳಕಿನಿಂದ ವಸ್ತು ಗುರುತಿಸುವ ಯಂತ್ರ) ಜೊತೆಗೆ ನಿಮಗೆ ಇನ್ನೊಂದು ಅನುಕೂಲವೂ ಇದೆ, ನೀವು ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅದು ನಮ್ಮ ಕರಾವಳಿಯ ಹವೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಅಣ್ಣನ ಸ್ಕೂಟರ್ ವಿಷಯ.

ಬ್ಯಾಟರಿ ಸುಧಾರಿಸಿಲ್ಲ ಎನ್ನುವುದು ಸರಿಯಲ್ಲ. 1991ರಲ್ಲಿ ಸೋನಿ ಕಂಪನಿ ಮೊದಲ ಲಿಥಿಯಂ-ಅಯಾನ್ ಸೆಲ್‌ಗಳನ್ನು ಮಾರುಕಟ್ಟೆಗೆ ತಂದಾಗ ಒಂದು ಕೆಜಿ ಸೆಲ್‌ನಲ್ಲಿ ಸುಮಾರು 80 ವ್ಯಾಟ್-ಅವರ್ ಶಕ್ತಿ ಹಿಡಿಸುತ್ತಿತ್ತು. ಈಗಿನ ಒಳ್ಳೆಯ ಸೆಲ್‌ಗಳಲ್ಲಿ ಅದು 250 ದಾಟಿದೆ. ಮೂರು ಪಟ್ಟು ಆಗಿದೆ, ಆದರೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಹಿಡಿದಿದೆ. ವರ್ಷಕ್ಕೆ ಸ್ವಲ್ಪ ಸ್ವಲ್ಪ ಸೇರಿ ಆದದ್ದು. ಒಂದೇ ಸಲಕ್ಕೆ ಯಾರೂ ಹಾರಿಲ್ಲ.

ಇದರಲ್ಲಿ ಕ್ಯಾಥೋಡ್‌ನ, ಅಂದರೆ ಸೆಲ್‌ನ ಧನ ಧ್ರುವದ ವಸ್ತುವಿನ, ಪಾಲು ಎಷ್ಟು ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ಆನೋಡ್‌ನಲ್ಲಿರುವ, ಅಂದರೆ ಋಣ ಧ್ರುವದ, ಗ್ರಾಫೈಟ್ ಒಂದು ಗ್ರಾಂಗೆ 350 ಎಂಎಎಚ್‌ನಷ್ಟು (ಮಿಲಿಆಂಪಿಯರ್-ಅವರ್) ಚಾರ್ಜ್ ಹಿಡಿಯುತ್ತದೆ. ಕ್ಯಾಥೋಡ್‌ನ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ, ಹಿಡಿಯುವುದು ಸುಮಾರು 160. ನಿಕಲ್ ಜಾಸ್ತಿ ಇರುವ ಎನ್‌ಎಂಸಿ 811 ಎಂಬ ಆಕ್ಸೈಡ್ (ಅದರ ವಿವರ ಮುಂದೆ ಇದೆ) ಆದರೆ 200. ಅಂದರೆ ಒಂದು ಗ್ರಾಂ ಗ್ರಾಫೈಟ್‌ಗೆ ಜೋಡಿಯಾಗಿ ಎರಡು ಗ್ರಾಂಗಿಂತ ಜಾಸ್ತಿ ಎಲ್‌ಎಫ್‌ಪಿ ಬೇಕು. ಸೆಲ್‌ನ ತೂಕದಲ್ಲಿ ದೊಡ್ಡ ಪಾಲು ಕ್ಯಾಥೋಡ್‌ನದ್ದು, ಖರ್ಚಿನಲ್ಲೂ ಹಾಗೆಯೇ. ಇನ್ನೂ ಒಂದು ವಿಷಯ ಇದೆ. ಹೊಸ ಸೆಲ್‌ನಲ್ಲಿ ಆಚೆ ಈಚೆ ಓಡಾಡಬೇಕಾದ ಲಿಥಿಯಂ ಎಲ್ಲ ಬರುವುದು ಕ್ಯಾಥೋಡ್‌ನಿಂದಲೇ. ಗ್ರಾಫೈಟ್ ಖಾಲಿ ಕೈಯಲ್ಲಿ ಕೂತಿರುತ್ತದೆ. ಹಾಗಾಗಿ ಕ್ಯಾಥೋಡ್‌ನಲ್ಲಿ ಏನು ಕೆಟ್ಟರೂ ಅದನ್ನು ತುಂಬಿಕೊಡುವವರು ಬೇರೆ ಯಾರೂ ಇಲ್ಲ.

ಹಾಗಾದರೆ ಜಾಸ್ತಿ ಹಿಡಿಯುವ ವಸ್ತು ಹುಡುಕಿದರೆ ಆಯ್ತಲ್ವಾ? ಕಾಗದದ ಮೇಲೆ ಅಂಥವು ಬೇಕಾದಷ್ಟಿವೆ. ಹೆಚ್ಚಿನವು ಸೋಲುವುದು ಉಳಿದ ಷರತ್ತುಗಳಲ್ಲಿ. ಲಿಥಿಯಂ ಹೊರಗೆ ಹೋಗಿ ಒಳಗೆ ಬರುವಾಗ ವಸ್ತುವಿನ ಪರಮಾಣುಗಳ ಚೌಕಟ್ಟು ಕುಸಿಯಬಾರದು. ವೋಲ್ಟೇಜ್ ಜಾಸ್ತಿ ಬೇಕು, ಆದರೆ ಎಲೆಕ್ಟ್ರೋಲೈಟ್ (ಲಿಥಿಯಂ ಓಡಾಡುವ ಸೆಲ್ ಒಳಗಿನ ದ್ರವ) ತಡೆಯುವಷ್ಟೇ ಇರಬೇಕು. ಕರೆಂಟ್ ಹರಿಯಬೇಕು. ಬಿಸಿಯಾದರೆ ಆಮ್ಲಜನಕ ಬಿಡಬಾರದು. ಸಿಗುವ ಲೋಹದಿಂದ ಆಗಬೇಕು. ಕಾರ್ಖಾನೆಯ ಗಾಳಿಯಲ್ಲಿ ಕೆಡಬಾರದು. ಈ ಷರತ್ತುಗಳು ಒಂದಕ್ಕೊಂದು ಎದುರು. ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ತಪ್ಪುತ್ತದೆ. ಪೇಪರಿನ ಸುದ್ದಿಯಲ್ಲಿ ಇವುಗಳಲ್ಲಿ ಒಂದೇ ಒಂದು ಇರುತ್ತದೆ, ಅದೂ ಸಾಮಾನ್ಯವಾಗಿ ಮೊದಲ ಸಲ ಅಳೆದ ಸಂಖ್ಯೆ.

ಹಳೆಯ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ತೋರಿಸಿಕೊಟ್ಟಿತು. ನಮ್ಮ ಮೊಬೈಲ್‌ಗಳಲ್ಲಿ ಇವತ್ತಿಗೂ ಇರುವುದು ಅದೇ ಜಾತಿ. ಪದರ ಪದರವಾದ ಚೌಕಟ್ಟು, ನಡುವೆ ಲಿಥಿಯಂ. ಲೆಕ್ಕದ ಪ್ರಕಾರ ಅದು ಗ್ರಾಂಗೆ 274 ಎಂಎಎಚ್ ಕೊಡಬೇಕು. ಆದರೆ ಅರ್ಧದಷ್ಟು ಲಿಥಿಯಂ ತೆಗೆಯುತ್ತಿದ್ದಂತೆ ಚೌಕಟ್ಟು ಅಲುಗಾಡುತ್ತದೆ. ಅದಕ್ಕೇ ಬಹಳ ಕಾಲ 140ಕ್ಕೆ ತೃಪ್ತಿಪಡಬೇಕಾಯಿತು. ಆಮೇಲೆ ಅಲ್ಯೂಮಿನಿಯಂ, ಮೆಗ್ನೀಸಿಯಂ ಸ್ವಲ್ಪ ಬೆರೆಸಿ, ಕಣದ ಮೇಲೆ ತೆಳ್ಳಗೆ ಲೇಪ ಕೊಟ್ಟು, ಅದೇ ವಸ್ತುವಿನಿಂದ ಇನ್ನಷ್ಟು ಹೊರಗೆಳೆದರು. ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವ ಭಾಗ ಇದೇ. ವಸ್ತು ಹಳೆಯದು, ಬದಲಾದದ್ದು ಅದರ ಮೇಲ್ಮೈ.

1997ರಲ್ಲಿ ಎಲ್‌ಎಫ್‌ಪಿ ಬಂತು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಗುಡ್‌ಇನಫ್ ಜೊತೆ ಆ ಲೇಖನ ಬರೆದವರಲ್ಲಿ ಪಾಢಿ ಮತ್ತು ನಂಜುಂಡಸ್ವಾಮಿ ಎಂಬ ಇಬ್ಬರ ಹೆಸರಿದೆ, ಗಮನಿಸಿ. ಕೋಬಾಲ್ಟ್ ಇಲ್ಲ, ನಿಕಲ್ ಇಲ್ಲ, ಬರೀ ಕಬ್ಬಿಣ ಮತ್ತು ಫಾಸ್ಫೇಟ್. ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬಿಸಿಯಾದರೂ ಅದು ಸುಲಭಕ್ಕೆ ಹೊರಬರುವುದಿಲ್ಲ. ಸುರಕ್ಷತೆಯ ಗುಟ್ಟು ಅದು. ಆದರೆ ಮೊದಲಿಗೆ ಯಾರೂ ಇದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ಇದರಲ್ಲಿ ಕರೆಂಟ್ ಹರಿಯುವುದೇ ಕಷ್ಟ. ದಾರಿ ತೋರಿಸಿದ್ದು ಇಂಗಾಲದ ಲೇಪ. ಕಣವನ್ನು ಸಣ್ಣದು ಮಾಡಿ, ಗ್ಲೂಕೋಸ್‌ನಂಥ ಸಕ್ಕರೆ ಬೆರೆಸಿ, ಆರ್ಗಾನ್ ಹವೆಯಲ್ಲಿ 700 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಸಕ್ಕರೆ ಕರಿಯಾಗಿ ಪ್ರತಿ ಕಣದ ಮೇಲೂ ಇಂಗಾಲ ಕೂರುತ್ತದೆ. ಇವತ್ತು ಟಾಟಾ ನೆಕ್ಸಾನ್ ಇವಿಯಂಥ ಕಾರುಗಳಿಂದ ಹಿಡಿದು ಬಸ್ಸುಗಳವರೆಗೆ ಓಡುವುದು ಎಲ್‌ಎಫ್‌ಪಿಯಲ್ಲಿ. ಇಲ್ಲೂ ಗೆದ್ದದ್ದು ಮೇಲ್ಮೈಯ ಕೆಲಸ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಮಂಗಳೂರಿನ ಪಣಂಬೂರು ಕಡೆ ಹೋದರೆ ಒಂದು ಕಡೆ ಕೆಐಒಸಿಎಲ್‌ನ ಕಬ್ಬಿಣದ ಪೆಲೆಟ್ (ಅದಿರಿನ ಉಂಡೆ) ಕಾರ್ಖಾನೆ, ಇನ್ನೊಂದು ಕಡೆ ಎಂಸಿಎಫ್ ರಸಗೊಬ್ಬರ ಕಾರ್ಖಾನೆ. ಡಿಎಪಿ ಗೊಬ್ಬರಕ್ಕೆ ಬೇಕಾದ ಫಾಸ್ಫಾರಿಕ್ ಆಸಿಡ್ ಬರುವುದು ಪಕ್ಕದ ಬಂದರಿಗೇ. ಕಬ್ಬಿಣ, ಫಾಸ್ಫೇಟ್ ಎರಡೂ ಒಂದೇ ಊರಲ್ಲಿ! ಹಾಗಂತ ಪೆಲೆಟ್ ಪುಡಿಮಾಡಿ ಕ್ಯಾಥೋಡ್ ಆಗುವುದಿಲ್ಲ. ಬ್ಯಾಟರಿಗೆ ಬೇಕಾದ ಶುದ್ಧತೆ ಬೇರೆಯೇ ಮಟ್ಟದ್ದು. ತಾಮ್ರ, ಸತುವಿನಂಥ ಕಲ್ಮಶ ಕಣದಷ್ಟಿದ್ದರೂ ಸೆಲ್ ಒಳಗೆ ಶಾರ್ಟ್ ಆಗುವ ಭಯ ಇರುತ್ತದೆ. ಆದರೂ ಚೀನಾದ ಎಲ್‌ಎಫ್‌ಪಿ ಉದ್ಯಮ ಬೆಳೆದದ್ದು ಇಂಥ ನೆರೆಹೊರೆಯ ಲೆಕ್ಕಾಚಾರದಿಂದಲೇ. ಟೈಟಾನಿಯಂ ಡೈಆಕ್ಸೈಡ್ ಕಾರ್ಖಾನೆಗಳಲ್ಲಿ ಉಳಿಯುವ ಫೆರಸ್ ಸಲ್ಫೇಟನ್ನು ಶುದ್ಧಮಾಡಿ ಅವರು ಕಬ್ಬಿಣದ ಮೂಲವಾಗಿ ಬಳಸುತ್ತಾರೆ. ನಮ್ಮಲ್ಲಿ ಯಾರಾದರೂ ಪಣಂಬೂರಿನ ವಿಷಯವನ್ನು ಆ ಕಣ್ಣಿನಿಂದ ನೋಡಬೇಕು ಎಂಬುದು ನನ್ನ ಬಹಳ ದಿನದ ಆಸೆ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಹತ್ತಿರದ ವಿಷಯಕ್ಕೆ ಬರೋಣ. ಎನ್‌ಎಂಸಿ ಎಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಮೂರೂ ಇರುವ ಪದರದ ಆಕ್ಸೈಡ್. ಚಾರ್ಜ್ ಜಾಸ್ತಿ ಸಿಗುವುದು ನಿಕಲ್‌ನಿಂದ. ಪದರಗಳು ಕಲಸಿಹೋಗದಂತೆ ಕೋಬಾಲ್ಟ್ ನೋಡಿಕೊಳ್ಳುತ್ತದೆ. ಮ್ಯಾಂಗನೀಸ್ ಚೌಕಟ್ಟಿಗೆ ಗಟ್ಟಿತನ ಕೊಡುತ್ತದೆ. ಮೂರೂ ಸಮ ಇದ್ದರೆ 111, ನಿಕಲ್ ಎಂಟು ಪಾಲಾದರೆ 811. ಜಗತ್ತಿನ ಕೋಬಾಲ್ಟ್‌ನ ದೊಡ್ಡ ಪಾಲು ಕಾಂಗೋದ ಗಣಿಗಳಿಂದ ಬರುತ್ತದೆ, ಬೆಲೆ ಜಾಸ್ತಿ, ಅಲ್ಲಿ ಗಣಿ ಕೆಲಸದ ಪರಿಸ್ಥಿತಿಯೂ ನೋವಿನದ್ದು. ಅದಕ್ಕೇ ಎಲ್ಲರೂ ಕೋಬಾಲ್ಟ್ ಕಮ್ಮಿ ಮಾಡಿ ನಿಕಲ್ ಜಾಸ್ತಿ ಮಾಡುತ್ತಾ ಬಂದರು.

ನಿಕಲ್ ಜಾಸ್ತಿಯಾದಂತೆ ತೊಂದರೆಯೂ ಜಾಸ್ತಿ. ನಿಕಲ್ ಅಯಾನ್‌ನ ಗಾತ್ರ ಲಿಥಿಯಂ ಅಯಾನ್‌ಗೆ ಹತ್ತಿರ. ಸುಡುವಾಗ ಹದ ತಪ್ಪಿದರೆ ನಿಕಲ್ ಹೋಗಿ ಲಿಥಿಯಂ ಜಾಗದಲ್ಲಿ ಕೂತು ದಾರಿ ಕಟ್ಟುತ್ತದೆ. 811ನ್ನು ಆಮ್ಲಜನಕ ಹರಿಸಿಯೇ ಸುಡಬೇಕು. ಪೂರ್ತಿ ಚಾರ್ಜ್ ಆದಾಗ ಚೌಕಟ್ಟು ಒಮ್ಮೆಗೇ ಕುಗ್ಗಿ ಕಣದಲ್ಲಿ ಬಿರುಕು ಬರುತ್ತದೆ. ಚಾರ್ಜ್ ಆಗಿರುವ ಪುಡಿ 200 ಡಿಗ್ರಿ ದಾಟಿದಂತೆ ಆಮ್ಲಜನಕ ಬಿಡತೊಡಗುತ್ತದೆ. ಇವೆಲ್ಲದರ ಮೇಲೆ ಸಾವಿರಾರು ಲೇಖನಗಳಿವೆ, ನಿಮ್ಮ ಗೈಡ್ ಕೊಡುತ್ತಾರೆ.

ನಾನು ಒತ್ತಿ ಹೇಳಬೇಕೆಂದಿರುವುದು ಇನ್ನೊಂದು ತೊಂದರೆ. ಅದಕ್ಕೆ ಬೆಂಕಿಯೂ ಬೇಡ, ಚಾರ್ಜೂ ಬೇಡ. ಸುಮ್ನೆ ಡಬ್ಬದಲ್ಲಿ ಕೂತಿದ್ದರೂ ಪುಡಿ ಕೆಡುತ್ತದೆ.

ಲಿಥಿಯಂ ಸುಡುವಾಗ ಸ್ವಲ್ಪ ಆವಿಯಾಗುತ್ತದೆ. ಅದಕ್ಕೆ ತಯಾರಿಸುವವರು ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಉಳಿದ ಲಿಥಿಯಂ ಕಣದ ಮೇಲೆ ಇರುತ್ತದೆ. ಹೊರಗಿನ ತೇವ, ಕಾರ್ಬನ್ ಡೈಆಕ್ಸೈಡ್ ಸಿಕ್ಕಿದೊಡನೆ ಅದು ಲಿಥಿಯಂ ಹೈಡ್ರಾಕ್ಸೈಡ್, ಲಿಥಿಯಂ ಕಾರ್ಬೊನೇಟ್ ಆಗುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಕಣದ ಒಳಗಿನ ಲಿಥಿಯಂ ಕೂಡ ನಿಧಾನಕ್ಕೆ ಹೊರಗೆ ಬಂದು ಅದೇ ದಾರಿ ಹಿಡಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಡಬ್ಬದ ಮುಚ್ಚಳ ಸರಿಯಾಗಿ ಹಾಕದೆ ಇಟ್ಟ ಹಪ್ಪಳದ ಹಾಗೆ. ಆದರೆ ಹಪ್ಪಳವನ್ನು ಮತ್ತೆ ಒಣಗಿಸಿಕೊಳ್ಳಬಹುದು. ಈ ಪುಡಿಯನ್ನು ಓವನ್‌ನಲ್ಲಿ 120 ಡಿಗ್ರಿಗೆ ಇಟ್ಟರೆ ನೀರು ಹೋಗುತ್ತದೆ, ಕಾರ್ಬೊನೇಟ್ ಹೋಗುವುದಿಲ್ಲ.

ಇದರ ಪರಿಣಾಮ ಕಣ್ಣಿಗೆ ಕಾಣುವುದು ಸ್ಲರಿ ಮಾಡುವಾಗ. ಕ್ಯಾಥೋಡ್ ಪುಡಿ, ಕಾರ್ಬನ್ ಬ್ಲ್ಯಾಕ್, ಪಿವಿಡಿಎಫ್ ಬೈಂಡರ್ (ಅಂಟಿನಂತೆ ಹಿಡಿದಿಡುವ ಪ್ಲಾಸ್ಟಿಕ್) ಮೂರನ್ನೂ ಎನ್‌ಎಂಪಿ ಎಂಬ ದ್ರಾವಕದಲ್ಲಿ ಕಲಸಿ ಅಲ್ಯೂಮಿನಿಯಂ ಹಾಳೆಯ ಮೇಲೆ ಹಚ್ಚುತ್ತೇವೆ. ಒಳ್ಳೆಯ ಸ್ಲರಿ ಹೊಳೆಯುವ ಕಪ್ಪು, ಚಮಚದಿಂದ ಒಂದೇ ಧಾರೆಯಾಗಿ ಇಳಿಯುತ್ತದೆ. ಪುಡಿ ಹವೆ ಕುಡಿದಿದ್ದರೆ ಹೈಡ್ರಾಕ್ಸೈಡ್ ಹೋಗಿ ಬೈಂಡರ್‌ನ ಸರಪಳಿಯಿಂದ ಫ್ಲೋರಿನ್ ಕಿತ್ತುಹಾಕುತ್ತದೆ. ಸ್ಲರಿ ದಪ್ಪ ಆಗುತ್ತಾ ಬಂದು, ನೋಡನೋಡುತ್ತ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಬೀಕರ್ ಓರೆ ಮಾಡಿದರೂ ಜಾರುವುದಿಲ್ಲ. ಅದನ್ನು ಹಾಳೆಗೆ ಹಚ್ಚಲು ಹೋದರೆ ಗೀರು ಗೀರಾಗಿ ಹರಿದುಹೋಗುತ್ತದೆ. ಹೇಗೋ ಸೆಲ್ ಮಾಡಿದರೂ ಒಳಗೆ ಸೇರಿದ ಕಾರ್ಬೊನೇಟ್ ಚಾರ್ಜ್ ಆಗುವಾಗ ಒಡೆದು ಗ್ಯಾಸ್ ಬಿಡುತ್ತದೆ, ಚೀಲದಂಥ ಪೌಚ್ ಸೆಲ್ ಉಬ್ಬುತ್ತದೆ. ತೇವ ಉಳಿದಿದ್ದರೆ ಎಲೆಕ್ಟ್ರೋಲೈಟ್‌ನ ಲಿಥಿಯಂ ಲವಣ ಅದರ ಜೊತೆ ಸೇರಿ ಹೈಡ್ರೋಫ್ಲೋರಿಕ್ ಆಸಿಡ್ ಆಗುತ್ತದೆ. ಅದು ಕ್ಯಾಥೋಡ್‌ನಿಂದಲೇ ಲೋಹವನ್ನು ಕರಗಿಸುತ್ತದೆ.

ಅದಕ್ಕೇ ಬ್ಯಾಟರಿ ಕಾರ್ಖಾನೆಗಳಲ್ಲಿ ಡ್ರೈ ರೂಮ್ ಇರುತ್ತದೆ. ಅಲ್ಲಿನ ಗಾಳಿಯಲ್ಲಿ ಮೈನಸ್ 40 ಡಿಗ್ರಿಗೆ ಇಳಿಸಿದರೂ ಇಬ್ಬನಿ ಕೂರದಷ್ಟು ಕಮ್ಮಿ ತೇವ. ಆ ಕೋಣೆಯನ್ನು ಒಣಗಿಸಿ ಇಡುವ ಕರೆಂಟ್ ಬಿಲ್ ಕೊನೆಗೆ ಸೆಲ್‌ನ ಬೆಲೆಗೇ ಸೇರುತ್ತದೆ. ಜುಲೈಯಲ್ಲಿ ಮಂಗಳೂರಿನ ಹವೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗೋಡೆಯ ಪೇಂಟ್ ಉಬ್ಬುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿ ತಡೆದುಕೊಳ್ಳುವ ಕ್ಯಾಥೋಡ್ ಪುಡಿ ಎಲ್ಲಿ ಬೇಕಾದರೂ ತಡೆದುಕೊಂಡೀತು. ಭಾರತದಲ್ಲಿ ಸೆಲ್ ಕಾರ್ಖಾನೆಗಳು ಬರುತ್ತಿರುವ ಈ ಹೊತ್ತಿನಲ್ಲಿ ಇದು ನಮ್ಮ ಹವೆ ನಮಗೇ ಕೇಳುತ್ತಿರುವ ಪ್ರಶ್ನೆ. ಒಣ ಹವೆಯ ಊರಿನ ಲ್ಯಾಬ್‌ನಲ್ಲಿ ಕೂತವರಿಗೆ ಇದು ಅಷ್ಟು ಅರ್ಜೆಂಟ್ ಎನಿಸಲಿಕ್ಕಿಲ್ಲ.

ಆದ್ದರಿಂದ ನನ್ನ ಸಲಹೆ ಇದು. 200ಕ್ಕೆ ಬದಲು 210 ಎಂಎಎಚ್ ಕೊಡುವ ಹೊಸ ವಸ್ತು ಹುಡುಕಲು ಹೋಗಬೇಡಿ. ಇರುವ ವಸ್ತು ತೇವದಲ್ಲಿ ಹೇಗೆ, ಎಷ್ಟು ಬೇಗ ಕೆಡುತ್ತದೆ, ಲೇಪ ಕೊಟ್ಟರೆ ಎಷ್ಟು ದಿನ ಉಳಿಯುತ್ತದೆ, ಇಷ್ಟನ್ನು ಶಿಸ್ತಾಗಿ ಅಳೆಯಿರಿ.

ಇದಕ್ಕೆ ಬೇಕಾದ ಮುಖ್ಯ ಸಾಧನ ಬ್ಯುರೆಟ್. ನಿಜವಾಗಿಯೂ. ಬಿ.ಎಸ್ಸಿ.ಯಲ್ಲಿ ಕಾರ್ಬೊನೇಟ್, ಹೈಡ್ರಾಕ್ಸೈಡ್ ಮಿಶ್ರಣದ ಟೈಟ್ರೇಶನ್ ಮಾಡಿದ್ದೀರಲ್ಲ, ಫಿನಾಲ್ಫ್ತಲೀನ್ ಹಾಕಿ ಒಮ್ಮೆ, ಮೀಥೈಲ್ ಆರೆಂಜ್ ಹಾಕಿ ಇನ್ನೊಮ್ಮೆ? ಕ್ಯಾಥೋಡ್ ಕಾರ್ಖಾನೆಗಳಲ್ಲಿ ಉಳಿಕೆ ಲಿಥಿಯಂ ಅಳೆಯುವುದೂ ಇದೇ ತತ್ವದಲ್ಲಿ, ಕೈಯ ಬದಲು ಯಂತ್ರ ಮಾಡುತ್ತದೆ ಅಷ್ಟೇ. ಎರಡು ಗ್ರಾಂ ಪುಡಿಯನ್ನು 100 ಮಿಲೀ ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ, ಸೋಸಿ, ತೆಳು ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ. ನಸುಗೆಂಪು ಹೋಗುವವರೆಗೆ ಖರ್ಚಾದ ಆಸಿಡ್ ಮೊದಲ ಓದು. ಅಲ್ಲಿಂದ ಮೀಥೈಲ್ ಆರೆಂಜ್ ಬಣ್ಣ ತಿರುಗುವವರೆಗೆ ಎರಡನೇ ಓದು. ಎರಡನೆಯದು ಕಾರ್ಬೊನೇಟ್‌ನ ಲೆಕ್ಕ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಹೈಡ್ರಾಕ್ಸೈಡ್‌ನ ಲೆಕ್ಕ. ಪುಡಿಯನ್ನು ಹವೆಗೆ ಇಟ್ಟ ಹಾಗೆಲ್ಲ ಹೈಡ್ರಾಕ್ಸೈಡ್ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ, ಎರಡು ಓದುಗಳೂ ಹತ್ತಿರ ಹತ್ತಿರ ಬರುತ್ತವೆ. ಅದನ್ನು ನೀವು ಬ್ಯುರೆಟ್‌ನಲ್ಲೇ ನೋಡಬಹುದು.

ಮೂರು ಕಡೆ ಎಚ್ಚರ ಬೇಕು. ನೀರನ್ನು ಮೊದಲೇ ಕುದಿಸಿ, ಮುಚ್ಚಿ ಆರಿಸಿಕೊಳ್ಳಿ, ಇಲ್ಲದಿದ್ದರೆ ನೀರಲ್ಲಿರುವ ಕಾರ್ಬನ್ ಡೈಆಕ್ಸೈಡೇ ಲೆಕ್ಕ ಕೆಡಿಸುತ್ತದೆ. ಕಲಕುವ ಸಮಯ ಪ್ರತಿ ಸಲವೂ ಒಂದೇ ಇರಲಿ, ಐದು ನಿಮಿಷ ಎಂದರೆ ಐದೇ ನಿಮಿಷ. ಜಾಸ್ತಿ ಹೊತ್ತು ನೀರಲ್ಲಿದ್ದರೆ ಕಣದ ಒಳಗಿನ ಲಿಥಿಯಂ ಕೂಡ ಬಿಟ್ಟುಕೊಂಡು, ಇಲ್ಲದ ಉಳಿಕೆ ಕಾಣಿಸುತ್ತದೆ. ಸೋಸಿದ ಮೇಲೆ ಟೀ ಕುಡಿದು ಬಂದು ಟೈಟ್ರೇಟ್ ಮಾಡುವುದು ಬೇಡ, ಕೂಡಲೇ ಮಾಡಿ. ಜೊತೆಗೆ ಎಫ್‌ಟಿಐಆರ್‌ನಲ್ಲಿ 1430 ಮತ್ತು 860ರ ಆಸುಪಾಸಿನ ಕಾರ್ಬೊನೇಟ್ ಶಿಖರಗಳನ್ನು ನೋಡುತ್ತಿದ್ದರೆ ಒಂದಕ್ಕೊಂದು ಸಾಕ್ಷಿ ಸಿಗುತ್ತದೆ.

ತೇವವನ್ನು ಹದದಲ್ಲಿಡಲು ದುಬಾರಿ ಚೇಂಬರ್ ಬೇಡ. ಡೆಸಿಕೇಟರ್‌ನ (ವಸ್ತು ಒಣಗಿಸಿಡುವ ಮುಚ್ಚಿದ ಗಾಜಿನ ಪಾತ್ರೆಯ) ಕೆಳಗೆ ಸಿಲಿಕಾ ಜೆಲ್ ಬದಲು ಉಪ್ಪಿನ ಪರ್ಯಾಪ್ತ ದ್ರಾವಣ ಇಡಿ, ಕರಗದ ಉಪ್ಪು ತಳದಲ್ಲಿ ಕಾಣುತ್ತಿರಬೇಕು. ಅಡುಗೆ ಉಪ್ಪಿನದ್ದಾದರೆ ಒಳಗಿನ ತೇವ ಸುಮಾರು 75 ಶೇಕಡಾದಲ್ಲಿ ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಆದರೆ 33, ಪೊಟ್ಯಾಸಿಯಂ ಸಲ್ಫೇಟ್ ಆದರೆ 97. ಬೇಸಿಗೆಯ ಮಧ್ಯಾಹ್ನದಿಂದ ಜಡಿಮಳೆಯವರೆಗೆ ಮೂರು ಡಬ್ಬದಲ್ಲಿ ಬಂತು. ಆದರೆ ಮುಚ್ಚಿದ ಡೆಸಿಕೇಟರ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಬಹಳ ಕಮ್ಮಿ. ಹತ್ತು ಲೀಟರ್ ಗಾಳಿಯಲ್ಲಿರುವುದು ಹನ್ನೆರಡು ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟ್ ಆಗುವುದಕ್ಕಷ್ಟೇ ಸಾಕು. ಅದು ಮುಗಿದರೆ ಪುಡಿ ಕೆಡುವುದು ನಿಂತ ಹಾಗೆ ಕಾಣುತ್ತದೆ, ನಿಜವಾಗಿ ನಿಂತಿರುವುದಿಲ್ಲ. ಹಾಗಾಗಿ ದಿನಾ ನಿಗದಿಯಾದ ಹೊತ್ತಿಗೆ ತೆರೆದು ಗಾಳಿ ಬದಲಿಸಿ. ಇನ್ನೊಂದು ತಟ್ಟೆ ಪುಡಿಯನ್ನು ಲ್ಯಾಬ್‌ನ ಮೂಲೆಯಲ್ಲಿ ತೆರೆದೇ ಇಡಿ, ಪಕ್ಕದಲ್ಲಿ ತೇವಮಾಪಕ ಇರಲಿ. ಅದು ನಮ್ಮ ಊರಿನ ನಿಜವಾದ ಮಳೆಗಾಲದ ದಾಖಲೆ.

ಪುಡಿ ಎಲ್ಲಿಂದ? 111 ಜಾತಿಯದ್ದನ್ನು ನೀವೇ ಮಾಡಬಹುದು, ಅದಕ್ಕೆ ಆಮ್ಲಜನಕ ಹರಿಸಬೇಕಿಲ್ಲ, ಗಾಳಿಯಲ್ಲೇ 900 ಡಿಗ್ರಿ ಆಸುಪಾಸಿನಲ್ಲಿ ಸುಟ್ಟರೆ ಆಗುತ್ತದೆ. ಲೋಹಗಳ ಅಸಿಟೇಟ್ ಮತ್ತು ಸಿಟ್ರಿಕ್ ಆಸಿಡ್ ಹಾಕಿ ಜೆಲ್ ಮಾಡುವ ವಿಧಾನ ನಿಮ್ಮ ಲ್ಯಾಬ್‌ಗೆ ಸರಿಹೋಗುತ್ತದೆ. ಪಿಂಗಾಣಿ ಮೂಸೆ ಬೇಡ, ಲಿಥಿಯಂ ಅದನ್ನು ತಿನ್ನುತ್ತದೆ, ಅಲ್ಯೂಮಿನಾ ಮೂಸೆ ತಗೊಳ್ಳಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಚೌಕಟ್ಟು ನೋಡುವ ಪರೀಕ್ಷೆ) 003 ಶಿಖರದ ಎತ್ತರ 104ರದ್ದಕ್ಕಿಂತ 1.2 ಪಟ್ಟಾದರೂ ಜಾಸ್ತಿ ಇದೆಯಾ ನೋಡಿ, ಕಮ್ಮಿ ಇದ್ದರೆ ನಿಕಲ್ ಕಲಸಿಹೋಗಿದೆ ಎಂದರ್ಥ. 811ನ್ನು ಮಾತ್ರ ಸ್ವಲ್ಪ ಕೊಂಡುಕೊಳ್ಳಿ. ಮಫಲ್ ಫರ್ನೇಸ್‌ನಲ್ಲಿ ಅದನ್ನು ಸರಿಯಾಗಿ ಮಾಡಲು ಆಗುವುದಿಲ್ಲ. ನಿಕಲ್, ಕೋಬಾಲ್ಟ್ ಪುಡಿ ಉಸಿರಿನೊಳಗೆ ಹೋಗುವುದು ಅಪಾಯ, ಕ್ಯಾನ್ಸರ್‌ಗೆ ಕಾರಣವಾಗಬಲ್ಲದು. ಎನ್‌ಎಂಪಿಯೂ ಹೆಣ್ಣುಮಕ್ಕಳಿಗೆ, ಅದರಲ್ಲೂ ಬಸುರಿಯರಿಗೆ, ಒಳ್ಳೆಯದಲ್ಲ. ಮಾಸ್ಕ್, ಗ್ಲೌಸ್, ಫ್ಯೂಮ್ ಹುಡ್ ಇಲ್ಲದೆ ಪುಡಿ ಮುಟ್ಟಬೇಡಿ. ಇದನ್ನು ಗೈಡ್ ಹೇಳದಿದ್ದರೂ ನೀವೇ ಕೇಳಿ ಮಾಡಿಸಿಕೊಳ್ಳಿ.

ಲೇಪಕ್ಕೆ ನನಗೆ ತುಂಬ ಇಷ್ಟವಾದ ವಿಧಾನ ಒಂದಿದೆ. ಇಥನಾಲ್‌ನಲ್ಲಿ ಸ್ವಲ್ಪವೇ ಫಾಸ್ಫಾರಿಕ್ ಆಸಿಡ್ ಹಾಕಿ, ಅದರಲ್ಲಿ 811 ಪುಡಿ ಕಲಕಿ, ಒಣಗಿಸಿ, 500 ಡಿಗ್ರಿಯ ಆಸುಪಾಸಿನಲ್ಲಿ ಬಿಸಿಮಾಡುವುದು. ಆಸಿಡ್ ಹೋಗಿ ಕಣದ ಮೇಲಿನ ಉಳಿಕೆ ಲಿಥಿಯಂ ಜೊತೆ ಸೇರಿ ಲಿಥಿಯಂ ಫಾಸ್ಫೇಟ್ ಆಗುತ್ತದೆ. ಕಸವಾಗಿದ್ದದ್ದೇ ಕವಚವಾಯಿತು. ಆ ಕವಚದ ಮೂಲಕ ಲಿಥಿಯಂ ಅಯಾನ್ ಓಡಾಡಬಲ್ಲದು, ತೇವಕ್ಕೆ ಸಲೀಸಾಗಿ ದಾರಿ ಸಿಗುವುದಿಲ್ಲ. ವಿಧಾನ ಹೊಸದಲ್ಲ, ಲೇಖನಗಳಲ್ಲಿದೆ. ನೀವು ಹೊಸದಾಗಿ ಸೇರಿಸುವುದು ಕರಾವಳಿಯ ತೇವದಲ್ಲಿ ಅದರ ಬಾಳಿಕೆಯ ಅಳತೆ. ಆಸಿಡ್ ಎಷ್ಟು ಎನ್ನುವುದನ್ನು ಟೈಟ್ರೇಶನ್ ಲೆಕ್ಕದಿಂದಲೇ ನಿರ್ಧರಿಸಿ. ಜಾಸ್ತಿಯಾದರೆ ಅದು ಒಳಗಿನ ಲಿಥಿಯಂಗೂ ಕೈ ಹಾಕುತ್ತದೆ.

ಕೊನೆಗೆ ಸೆಲ್ ಮಾಡಿ ನೋಡಲೇಬೇಕು. ಅದಕ್ಕೆ ತೇವವಿಲ್ಲದ ಮುಚ್ಚಿದ ಪೆಟ್ಟಿಗೆ, ಅಂದರೆ ಗ್ಲೋವ್ ಬಾಕ್ಸ್, ಬೇಕು, ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲ, ಕೊಣಾಜೆ ಈ ಕಡೆಯ ಪ್ರಯೋಗಾಲಯಗಳಲ್ಲಿ ಗೈಡ್ ಮೂಲಕ ವಿಚಾರಿಸಿ. ಕೆಲವೇ ಸೆಲ್‌ಗಳು ಸಾಕು, ಆದರೆ ಅಳತೆ ಸರಿಯಿರಲಿ. ನಾಣ್ಯದಂಥ ಕಾಯಿನ್ ಸೆಲ್‌ಗೆ ಹಾಕುವ 12 ಮಿಲಿಮೀಟರ್ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಶರ್ಟ್ ಗುಂಡಿಯಷ್ಟು. 15 ಮೈಕ್ರಾನ್ ಅಲ್ಯೂಮಿನಿಯಂ ಹಾಳೆಯಲ್ಲಿ ಕತ್ತರಿಸಿದರೆ ಹಾಳೆಯದೇ ತೂಕ 4.6 ಮಿಲಿಗ್ರಾಂ. ಅದರ ಮೇಲಿನ ಲೇಪ ಎಷ್ಟೋ ಸಲ 2.5 ಮಿಲಿಗ್ರಾಂ ಅಷ್ಟೇ. ಹಾಳೆಯ ತೂಕವನ್ನು 0.2 ಮಿಲಿಗ್ರಾಂ ಜಾಸ್ತಿ ಎಂದು ಹಿಡಿದರೆ ಸಾಕು, 155 ಎಂಎಎಚ್ ಇರುವ ಎಲ್‌ಎಫ್‌ಪಿ 168 ಎಂದು ತೋರಿಸುತ್ತದೆ. ಅದರ ಸೈದ್ಧಾಂತಿಕ ಮಿತಿಯೇ 170! ಲೇಖನ ಓದುವಾಗ ಮಿತಿಗೆ ತಾಗಿಕೊಂಡಿರುವ ಅಥವಾ ಮೀರಿದ ಸಂಖ್ಯೆ ಕಂಡರೆ ಮೊದಲು ತಕ್ಕಡಿಯನ್ನು ಅನುಮಾನಿಸಿ. ನೀವು ಮಾಡುವಾಗ ಒಂದೇ ಹಾಳೆಯ ಹತ್ತು ಖಾಲಿ ಬಿಲ್ಲೆಗಳನ್ನು ತೂಗಿ ಸರಾಸರಿ ತಗೊಳ್ಳಿ, ಎಷ್ಟು ವ್ಯತ್ಯಾಸ ಇದೆ ಎಂಬುದನ್ನೂ ವರದಿಯಲ್ಲಿ ಬರೆಯಿರಿ. ಕಾರ್ಖಾನೆಯಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ ಸುಮಾರು 20 ಮಿಲಿಗ್ರಾಂ ಹಚ್ಚುತ್ತಾರೆ, ಲ್ಯಾಬ್‌ನಲ್ಲಿ ಎರಡು. ತೆಳ್ಳಗೆ ಹಚ್ಚಿದಾಗ ಬಹುತೇಕ ಎಲ್ಲ ವಸ್ತುವೂ ಒಳ್ಳೆಯದೇ.

ಇನ್ನೊಂದು, ಲ್ಯಾಬ್‌ನ ಸೆಲ್‌ನಲ್ಲಿ ಎದುರಿಗೆ ಇಡುವುದು ಲಿಥಿಯಂ ಲೋಹದ ಬಿಲ್ಲೆ. ಚಾರ್ಜ್ ಆಗಿ ಖಾಲಿಯಾಗುವ ಪ್ರತಿ ಸುತ್ತಿನಲ್ಲಿ ಕಳೆದುಹೋದ ಲಿಥಿಯಂ ಅಲ್ಲಿಂದ ತುಂಬುತ್ತಾ ಇರುತ್ತದೆ, ನಷ್ಟ ಕಾಣುವುದಿಲ್ಲ. ಸ್ಕೂಟರ್ ಸೆಲ್‌ನಲ್ಲಿ ಹಾಗಿಲ್ಲ. ಒಂದು ಸುತ್ತಿನಲ್ಲಿ 99.9 ಶೇಕಡಾ ಲಿಥಿಯಂ ವಾಪಸ್ ಬರುತ್ತದೆ ಎಂದರೆ ಕೇಳಲು ಚೆನ್ನಾಗಿದೆ. ಕಳೆದದ್ದು ಪೂರ್ತಿ ನಷ್ಟವೆಂದು ಹಿಡಿದು ಸಾವಿರ ಸುತ್ತಿನ ಲೆಕ್ಕ ಹಾಕಿ, ಉಳಿಯುವುದು 37 ಶೇಕಡಾ. 99.99 ಆದರೆ 90. ಸುದ್ದಿಯಲ್ಲಿ ಬರುವ ಬ್ಯಾಟರಿಗೂ ನಿಮ್ಮ ಅಣ್ಣನ ಸ್ಕೂಟರ್‌ಗೂ ಇರುವ ದೂರ ದಶಾಂಶ ಬಿಂದುವಿನ ಆಚೆಗಿನ ಆ ಒಂಬತ್ತುಗಳಲ್ಲಿದೆ. ಸಾಧ್ಯವಾದರೆ ಗ್ರಾಫೈಟ್ ಎದುರಿಟ್ಟು ಎರಡು ಸೆಲ್ ಆದರೂ ಮಾಡಿ, 45 ಡಿಗ್ರಿಯಲ್ಲಿ ಓಡಿಸಿ. ಏಪ್ರಿಲ್ ಬಿಸಿಲಿಗೆ ಹಂಪನಕಟ್ಟೆಯಲ್ಲಿ ನಿಲ್ಲಿಸಿದ ಸ್ಕೂಟರ್‌ನ ಬ್ಯಾಟರಿ ಎಸಿ ರೂಮಿನ 25 ಡಿಗ್ರಿಯಲ್ಲಿ ಇರುವುದಿಲ್ಲವಲ್ಲ.

ಸೋಡಿಯಂ ಬಗ್ಗೆ ಕೇಳಿದ್ದೀರಿ. ಅದು ಒಳ್ಳೆಯ ದಾರಿಯೇ. ಲಿಥಿಯಂ ನಮ್ಮಲ್ಲಿ ಕಮ್ಮಿ. ಮಂಡ್ಯದ ಮರ್ಲಗಾಲದಲ್ಲಿ 2021ರಲ್ಲಿ ಅಂದಾಜು ಮಾಡಿದ್ದು 1,600 ಟನ್, ಅದು ಬಹಳ ಸಣ್ಣ ಗಾತ್ರ. ಸೋಡಿಯಂ ಎಲ್ಲ ಕಡೆ ಇದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೋಡಿಯಂ ಬ್ಯಾಟರಿ ವಸ್ತುಗಳ ಮೇಲೆ ಒಳ್ಳೆಯ ಕೆಲಸ ನಡೆಯುತ್ತಿದೆ. ಆದರೆ ಒಂದು ಗೊತ್ತಿರಲಿ. ಸೋಡಿಯಂನ ಪದರದ ಆಕ್ಸೈಡ್‌ಗಳಲ್ಲಿ ಹೆಚ್ಚಿನವು ತೇವಕ್ಕೆ 811ಕ್ಕಿಂತಲೂ ಸೂಕ್ಷ್ಮ, ಕೆಲವು ಗಂಟೆಗಳಲ್ಲೇ ಕೆಡುತ್ತವೆ. ಹಾಗಾಗಿ ನೀವು ಈಗ ಕಟ್ಟುವ ಡೆಸಿಕೇಟರ್, ಬ್ಯುರೆಟ್, ಎಫ್‌ಟಿಐಆರ್ ಕ್ರಮ ಅಲ್ಲಿಗೂ ಹಾಗೇ ನಡೆಯುತ್ತದೆ. ಮೊದಲು 811ರಲ್ಲಿ ಕೈ ಕುದುರಲಿ, ಪಿಎಚ್.ಡಿ.ಗೆ ಹೋಗುವ ಮನಸ್ಸಿದ್ದರೆ ಸೋಡಿಯಂಗೆ ದಾಟಿ.

ಗೈಡ್ ಒಪ್ಪಿದರೆ ಪುಡಿಗೆ ಈಗಲೇ ಆರ್ಡರ್ ಹಾಕಿ. ಬರುವ ಪ್ಯಾಕೆಟನ್ನು ತೆರೆದ ದಿನವೇ ಹತ್ತು ಗ್ರಾಂನ ಭಾಗಗಳಾಗಿ ಮಾಡಿ, ಅಲ್ಯೂಮಿನಿಯಂ ಪೌಚ್‌ನಲ್ಲಿ ಸೀಲ್ ಮಾಡಿಸಿ, ಅದೇ ದಿನ ಮೊದಲ ಟೈಟ್ರೇಶನ್ ಮುಗಿಸಿ. ಆ ಮೊದಲ ಓದು ಇಲ್ಲದಿದ್ದರೆ ಆಮೇಲಿನ ಯಾವುದಕ್ಕೂ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಮೇ ಕೊನೆಯೊಳಗೆ ಇಷ್ಟು ಆದರೆ, ಜೂನ್‌ನ ಮೊದಲ ಮಳೆಗೆ ನಿಮ್ಮ ತಟ್ಟೆಗಳು ಸಿದ್ಧ ಇರುತ್ತವೆ.